ಕೆರೆಗೆ ಬಂದ ಅಪರೂಪದ ಬಾತು: ದಾರಿ ತಪ್ಪಿದ ವಲಸಿಗನೋ, ಪಂಜರ ತಪ್ಪಿಸಿಕೊಂಡದ್ದೋ?

ಲಕ್ಷಣ: ಈ ಪ್ರದೇಶದಲ್ಲಿ ಕಾಣಬಾರದ ಬಾತು, ಹೆಬ್ಬಾತು ಅಥವಾ ಹಂಸವೊಂದು ನೀರಿನಲ್ಲಿ ತೇಲುತ್ತಿದೆ. ಚಿತ್ರ ವಾಟ್ಸ್‌ಆ್ಯಪ್ ಗುಂಪಿಗೆ ಬಿದ್ದು ಅರ್ಧ ಗಂಟೆಯಾಗಿಲ್ಲ. ಆಗಲೇ ಒಬ್ಬರು ‘ರಾಜ್ಯಕ್ಕೆ ಮೊದಲ ದಾಖಲೆ’ ಎಂದಿದ್ದಾರೆ, ಇನ್ನೊಬ್ಬರು ‘ಯಾವುದೋ ರೆಸಾರ್ಟಿನದು’ ಎಂದಿದ್ದಾರೆ. ಇಬ್ಬರೂ ಅದರ ಕಾಲನ್ನು ಇನ್ನೂ ನೋಡಿಲ್ಲ.

ಉಳಿದ ಹಕ್ಕಿಗಳ ವಿಷಯದಲ್ಲಿ ಈ ಜಗಳ ಇಷ್ಟು ಹುಟ್ಟುವುದಿಲ್ಲ. ಸೈಬೀರಿಯದ ಎಲೆಹಕ್ಕಿಯನ್ನು ಯಾರೂ ಮನೆಯಲ್ಲಿ ಸಾಕುವುದಿಲ್ಲ. ಅದು ಕಂಡರೆ ಹಾರಿಯೇ ಬಂದಿರಬೇಕು. ಬಾತುಗಳ ಕಥೆ ಬೇರೆ. ಚೆಂದಕ್ಕಾಗಿ, ತೋಟದ ಕೊಳಕ್ಕಾಗಿ, ಮೃಗಾಲಯಕ್ಕಾಗಿ ಜಗತ್ತಿನ ಬಹುತೇಕ ಜಾತಿಯ ಬಾತುಗಳನ್ನು ಜನ ಸಾಕಿದ್ದಾರೆ. ಅವು ಗಟ್ಟಿಮುಟ್ಟು, ಹಾರಾಟದಲ್ಲಿ ಪ್ರಬಲ, ತಪ್ಪಿಸಿಕೊಂಡರೂ ಹೊರಗೆ ಬದುಕಿಕೊಳ್ಳುತ್ತವೆ. ಅದೇ ಜಾತಿಗಳು ಸಾವಿರಾರು ಕಿಲೋಮೀಟರ್ ವಲಸೆಯನ್ನೂ ಹೋಗುತ್ತವೆ. ಹೀಗಾಗಿ ಎರಡೂ ವಿವರಣೆಗಳು ಸದಾ ಜೀವಂತ.

ಮುಂದಿನ ಪ್ರತಿ ಹೆಜ್ಜೆಯಲ್ಲೂ ಒಂದೇ ಪ್ರಶ್ನೆಯನ್ನು ಕೈಯಲ್ಲಿ ಹಿಡಿದಿರಬೇಕು: ನಾನು ನೋಡುತ್ತಿರುವ ಈ ಗುರುತು ವನ್ಯ ಹಕ್ಕಿಯಲ್ಲೂ ಸಾಕಿದ ಹಕ್ಕಿಯಲ್ಲೂ ಸಮಾನವಾಗಿ ಕಾಣಬಹುದೇ? ಕಾಣಬಹುದು ಎಂದಾದರೆ ಅದು ಸಾಕ್ಷ್ಯವಲ್ಲ, ಎಷ್ಟೇ ಕಣ್ಣಿಗೆ ಹೊಡೆದರೂ. ವಾದ ಮಾಡುವವರು ಎತ್ತಿ ಹಿಡಿಯುವ ಅರ್ಧಕ್ಕರ್ಧ ಗುರುತುಗಳು ಈ ಜರಡಿಯಲ್ಲಿ ಉದುರಿಹೋಗುತ್ತವೆ.

ಮೊದಲು: ಅದು ಅಪರೂಪದ್ದೇ ಹೌದೇ?

ಮಿಕ್ಸರ್ ಓಡದಿದ್ದರೆ ಬಿಚ್ಚುವ ಮೊದಲು ಪ್ಲಗ್ ನೋಡುವ ಹಾಗೆ, ಇಲ್ಲಿ ಮೊದಲು ಊರ ಬಾತುಗಳನ್ನು ಬದಿಗಿಡಬೇಕು. ಮುಖದಲ್ಲಿ ಕೆಂಪು ಗಂಟುಗಂಟು ಚರ್ಮವಿದ್ದರೆ ಅದು ಮಸ್ಕೋವಿ ಬಾತು. ಮಧ್ಯ ಮತ್ತು ದಕ್ಷಿಣ ಅಮೆರಿಕ ಮೂಲದ ಈ ಹಕ್ಕಿ ನಮ್ಮ ಊರುಗಳಲ್ಲಿ ಕೋಳಿಯ ಜೊತೆ ಬೆಳೆಯುತ್ತದೆ. ಕೊಕ್ಕಿನ ಬುಡದಲ್ಲಿ ಬುಗುಟು ಇರುವ ದೊಡ್ಡ ಹೆಬ್ಬಾತು, ತೋಟದ ಮನೆಯ ಕಾವಲಿಗೆ ಸಾಕುವ ಚೀನೀ ತಳಿಯದು. ಬಾಲದ ಮೇಲೆ ಸುರುಳಿ ಸುತ್ತಿದ ಗರಿ ಕಂಡರೆ ಮಲ್ಲಾರ್ಡ್ ಎಂಬ ಕಾಡುಬಾತಿನ ರಕ್ತ ಎಂದು ತಿಳಿಯಿರಿ. ಮಸ್ಕೋವಿಯೊಂದನ್ನು ಬಿಟ್ಟರೆ ಸಾಕು ಬಾತುಗಳೆಲ್ಲವೂ ಮಲ್ಲಾರ್ಡ್ ವಂಶದವು. ಅಲ್ಲಲ್ಲಿ ಬಿಳಿ ಮಚ್ಚೆ, ಹೊಟ್ಟೆ ಜೋತುಬಿದ್ದ ಭಾರದ ದೇಹ, ಯಾವ ಪುಸ್ತಕದ ಚಿತ್ರಕ್ಕೂ ಹೊಂದದ ಬಣ್ಣ ಕಂಡರೆ ಹೆಚ್ಚು ಯೋಚಿಸುವ ಅಗತ್ಯವಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ಗೊಂದಲ ಗಂಡು ಬಾತುಗಳದ್ದು. ಸಂತಾನದ ಕಾಲ ಮುಗಿದ ಮೇಲೆ ಅವು ಬಣ್ಣ ಕಳಚಿ ಕೆಲವು ತಿಂಗಳು ಹೆಣ್ಣಿನಂತೆ ಕಾಣುತ್ತವೆ. ವಲಸೆಯ ಆರಂಭದಲ್ಲಿ ಬಂದ ಸೂಜಿಬಾಲದ ಬಾತನ್ನೋ ಚಲುಕಬಾತನ್ನೋ ನೋಡಿ ಹೊಸ ಜಾತಿ ಎಂದುಕೊಳ್ಳುವುದು ಸುಲಭ. ಎರಡು ಜಾತಿಗಳ ಮಿಶ್ರತಳಿಗಳೂ ಇವೆ; ಬಾತುಗಳಲ್ಲಿ ಅದು ಉಳಿದ ಹಕ್ಕಿಗಳಿಗಿಂತ ಹೆಚ್ಚು.

ತೀರ್ಪಿಗೆ ಮುಂಚೆ ಚಿತ್ರ

ನೀರಿನಲ್ಲಿ ತೇಲುವ ಹಕ್ಕಿಯ ಸುಂದರ ಚಿತ್ರ ಐವತ್ತಿದ್ದರೂ ಈ ಕೆಲಸಕ್ಕೆ ಹೆಚ್ಚು ಉಪಯೋಗವಿಲ್ಲ. ಬೇಕಾದದ್ದು ದಂಡೆಗೆ ಹತ್ತಿ ನಿಂತಾಗ ಎರಡೂ ಕಾಲುಗಳ ಚಿತ್ರ, ಹಿಂಬೆರಳು ಸಹಿತ. ಮೈ ಕೊಡವಿ ರೆಕ್ಕೆ ಬಿಚ್ಚಿದಾಗ ಎರಡೂ ರೆಕ್ಕೆಗಳ ಚಿತ್ರ. ಬಾಲದ ಗರಿಗಳ ತುದಿ, ಕೊಕ್ಕು. ಕೊನೆಯದಾಗಿ ಅಕ್ಕಪಕ್ಕ ಯಾವ ಹಕ್ಕಿಗಳಿವೆ ಎಂದು ತೋರಿಸುವ ಅಗಲವಾದ ಚಿತ್ರ. ಇದನ್ನು ಯಾರೂ ತೆಗೆಯುವುದಿಲ್ಲ. ಬಾತುಗಳು ಗರಿ ತೀಡಿಕೊಂಡ ಮೇಲೆ ಮೇಲೆದ್ದು ರೆಕ್ಕೆ ಬಡಿಯುವ ಅಭ್ಯಾಸದವು. ಓಡಿಸಿ ಹಾರಿಸುವುದಕ್ಕಿಂತ ಕಾದು ಕೂರುವುದು ಹಕ್ಕಿಗೂ ಒಳ್ಳೆಯದು, ಚಿತ್ರಕ್ಕೂ ಒಳ್ಳೆಯದು.

ಕಾಲು

ಕಾಲಿನಲ್ಲಿ ಉಂಗುರ ಕಂಡ ಕೂಡಲೇ ‘ಸಾಕಿದ್ದು’ ಎನ್ನುವವರಿದ್ದಾರೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ಅವರಿಗೆ ತೋರಿಸಬೇಕು. ಅವುಗಳ ನಡುವೆ ಕೊರಳಿಗೆ ಸಂಕೇತಾಕ್ಷರದ ಪಟ್ಟಿ ಹೊತ್ತ ಹಕ್ಕಿಗಳು ಸಿಗುತ್ತವೆ. ಮೈಸೂರಿನ ಸಮೀಪದ ಹದಿನಾರು ಕೆರೆಯಲ್ಲೂ ಅಂಥವು ಕಂಡಿವೆ. ಅವು ಮಂಗೋಲಿಯದಲ್ಲಿ ಸಂಶೋಧಕರು ತೊಡಿಸಿದ ಪಟ್ಟಿಗಳು. ಅಂದರೆ ಆ ಗುರುತೇ ಹಕ್ಕಿ ಹಿಮಾಲಯ ದಾಟಿ ಬಂದದ್ದಕ್ಕೆ ಪುರಾವೆ.

ಆದ್ದರಿಂದ ಕೇಳಬೇಕಾದದ್ದು ಯಾವ ಬಗೆಯ ಉಂಗುರ ಎಂದು. ಸಂಶೋಧಕರ ಲೋಹದ ಉಂಗುರದ ಮೇಲೆ ಸಂಖ್ಯೆಯೂ ಸಂಸ್ಥೆಯ ಹೆಸರೂ ಇರುತ್ತವೆ. ನಮ್ಮ ದೇಶದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸಿ ಎಂಬ ಒಕ್ಕಣೆ ಇರುತ್ತದೆ. ಸಾಕಣೆದಾರರದು ಸಾಮಾನ್ಯವಾಗಿ ಬೆಸುಗೆಯ ಗುರುತಿಲ್ಲದ ಇಡೀ ಉಂಗುರ. ಅದನ್ನು ಮರಿಯ ಪಾದ ಚಿಕ್ಕದಿರುವಾಗಲೇ ತೂರಿಸಬೇಕು. ಪಾದ ಬೆಳೆದ ಮೇಲೆ ಒಳಗೂ ಹೋಗದು, ಹೊರಗೂ ಬಾರದು. ಅಕ್ಷರವಿಲ್ಲದ ಗಾಢ ಬಣ್ಣದ ಪ್ಲಾಸ್ಟಿಕ್ ಸುರುಳಿಯೂ ಅದೇ ಕಡೆಗೆ ಬೆರಳು ತೋರಿಸುತ್ತದೆ. 2018ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಕೊಳದಲ್ಲಿ ಮ್ಯಾಂಡರಿನ್ ಎಂಬ ಬಣ್ಣಬಣ್ಣದ ಬಾತಿನ ಗಂಡೊಂದು ಕಾಣಿಸಿಕೊಂಡು ಊರಿಗೆ ಊರೇ ಕ್ಯಾಮೆರಾ ಹಿಡಿದು ಬಂತು. ಪೂರ್ವ ಏಷ್ಯಾದ ಆ ಹಕ್ಕಿಯ ಕಾಲಲ್ಲಿ ಪಟ್ಟಿಯಿತ್ತು. ನಗರದ ಮೃಗಾಲಯಗಳು ತಮ್ಮದಲ್ಲ ಎಂದವು, ಮಾಲೀಕರು ಯಾರೂ ಮುಂದೆ ಬರಲಿಲ್ಲ; ಆದರೂ ಅದು ವನ್ಯ ಎಂದು ವಾದಿಸಿದ ಪಕ್ಷಿವೀಕ್ಷಕರು ಇರಲಿಲ್ಲ.

ಹಿಂಬೆರಳನ್ನು ನೋಡಿ ಎಂದದ್ದಕ್ಕೆ ಕಾರಣವಿದೆ. ಅಮೆರಿಕದಲ್ಲಿ ಸಾಕಿ ಬೆಳೆಸಿದ ಮಲ್ಲಾರ್ಡ್‌ಗಳನ್ನು ಗುರುತಿಸಲು ಕಾನೂನು ಒಪ್ಪಿದ ವಿಧಾನಗಳಲ್ಲಿ ಬಲಗಾಲಿನ ಹಿಂಬೆರಳನ್ನು ಕತ್ತರಿಸುವುದೂ ಒಂದು. ಬೆರಳುಗಳ ನಡುವಿನ ಜಾಲದ ಮೇಲೆ ಹಚ್ಚೆ ಹಾಕುವುದೂ ಇದೆ, ಅದು ದೂರದಿಂದ ಕಾಣುವುದಿಲ್ಲ.

ಏನೂ ಇಲ್ಲದ ಬರಿಗಾಲು ಏನನ್ನೂ ಹೇಳುವುದಿಲ್ಲ. ಎಲ್ಲ ಸಾಕಣೆದಾರರೂ ಉಂಗುರ ಹಾಕುವುದಿಲ್ಲ, ಹಾಕಿದ ಪ್ಲಾಸ್ಟಿಕ್ ಮುರಿದು ಬೀಳುತ್ತದೆ. ‘ಉಂಗುರವಿಲ್ಲ, ಆದ್ದರಿಂದ ವನ್ಯ’ ಎಂಬ ವಾಕ್ಯವನ್ನು ವರದಿಗಳಲ್ಲಿ ಓದಿ ಓದಿ ಸಾಕಾಗಿದೆ.

ರೆಕ್ಕೆ

ಎರಡು ಬಗೆಯ ಕತ್ತರಿ ಪ್ರಯೋಗಗಳನ್ನು ಬೇರೆ ಮಾಡಿ ನೋಡಬೇಕು. ಒಂದು, ಮರಿ ಹುಟ್ಟಿದ ಕೆಲವೇ ದಿನಗಳಲ್ಲಿ ಒಂದು ರೆಕ್ಕೆಯ ತುದಿಯ ಗೆಣ್ಣನ್ನೇ ತೆಗೆದುಬಿಡುವುದು. ಅದು ಶಾಶ್ವತ. ರೆಕ್ಕೆ ಬಡಿದಾಗ ಒಂದು ಬದಿ ಮೊಂಡಾಗಿ ಕಾಣುತ್ತದೆ. ಅಂಥ ಹಕ್ಕಿ ಹಾರಿ ಬಂದಿರಲು ಸಾಧ್ಯವೇ ಇಲ್ಲ, ತನಿಖೆ ಅಲ್ಲಿಗೇ ಮುಗಿಯಿತು. ಇನ್ನೊಂದು, ಉದ್ದ ಗರಿಗಳನ್ನು ಕತ್ತರಿಸುವುದು. ಗರಿಗಳ ತುದಿ ಚೌಕಾಗಿ, ಒಂದೇ ಗೆರೆಯಲ್ಲಿ ಕೊನೆಗೊಂಡಿರುತ್ತದೆ. ಇದು ತಾತ್ಕಾಲಿಕ. ಬಾತು, ಹೆಬ್ಬಾತು, ಹಂಸಗಳು ಹಾರಾಟದ ಗರಿಗಳನ್ನೆಲ್ಲ ಒಟ್ಟಿಗೇ ಉದುರಿಸಿ ಮೂರು ನಾಲ್ಕು ವಾರ ಹಾರಲಾಗದೆ ಇದ್ದು, ಹೊಸ ಗರಿ ಬೆಳೆಸಿಕೊಳ್ಳುತ್ತವೆ. ಮಾಲೀಕ ಮತ್ತೆ ಕತ್ತರಿಸಲು ಮರೆತರೆ ಹಕ್ಕಿ ಹೊಚ್ಚ ಹೊಸ ರೆಕ್ಕೆಯೊಂದಿಗೆ ಹೊರಡುತ್ತದೆ. ಹಾಗಾಗಿ ನಿಷ್ಕಳಂಕ ರೆಕ್ಕೆ ಕೂಡ ಬರಿಗಾಲಿನಂತೆಯೇ ಮೂಕ.

ಸವೆದ ಬಾಲ, ಮುರಿದ ಗರಿ, ಹಣೆಯಲ್ಲಿ ತಂತಿಗೆ ಉಜ್ಜಿದ ಗಾಯ, ಮಂಕಾದ ಕೊಕ್ಕು, ಇವೆಲ್ಲ ಅನುಮಾನ ಹುಟ್ಟಿಸುವ ಗುರುತುಗಳು. ಆದರೆ ಬಿರುಗಾಳಿಗೆ ಸಿಕ್ಕಿದ, ಬಲೆಯಿಂದ ಕೊಸರಿಕೊಂಡ, ಗುಂಡೇಟು ತಿಂದ ವನ್ಯ ಹಕ್ಕಿಯೂ ಹೀಗೇ ಕಾಣಬಹುದು. ಬರೆದಿಟ್ಟುಕೊಳ್ಳಿ, ತೂಕ ಕಡಿಮೆ ಕೊಡಿ.

ಬಾಲದ ಗರಿಗಳ ತುದಿ ಮಾತ್ರ ಒಂದು ಒಳ್ಳೆಯ ಮಾಹಿತಿ ಕೊಡುತ್ತದೆ. ಮೊದಲ ವರ್ಷದ ಬಾತಿನಲ್ಲಿ ಮರಿಯ ತುಪ್ಪುಳ ಅಂಟಿಕೊಂಡಿದ್ದ ಜಾಗ ಉದುರಿ, ಗರಿಯ ತುದಿಯಲ್ಲಿ ಸಣ್ಣ ಕಚ್ಚು ಉಳಿದಿರುತ್ತದೆ. ದಾರಿ ತಪ್ಪುವವರಲ್ಲಿ ಮೊದಲ ವಲಸೆಯ ಎಳೆಯ ಹಕ್ಕಿಗಳೇ ಹೆಚ್ಚು. ಸಾಕಣೆಯಲ್ಲೂ ಮರಿಗಳಾಗುತ್ತವೆ, ಆದ್ದರಿಂದ ಇದು ನಿರ್ಣಾಯಕವಲ್ಲ. ಆದರೂ ಎಳೆಯದು, ಸರಿಯಾದ ತಿಂಗಳು, ಸರಿಯಾದ ಜಾಗ ಎಂಬ ಮೂರು ಕೂಡಿದರೆ ತಕ್ಕಡಿ ವಾಲುತ್ತದೆ.

ಸಲುಗೆ

ಅತಿ ಹೆಚ್ಚು ಬಳಕೆಯಾಗುವ ವಾದ, ಅತಿ ದುರ್ಬಲ ವಾದ. ‘ಹತ್ತಿರ ಹೋದರೂ ಹಾರಲಿಲ್ಲ.’ ಮನುಷ್ಯರೇ ಇಲ್ಲದ ತುಂಡ್ರಾದಲ್ಲಿ ಹುಟ್ಟಿ, ದಣಿದು ಬಂದಿಳಿದ ಹಕ್ಕಿಗೆ ನಿಮ್ಮನ್ನು ಕಂಡು ಹೆದರಬೇಕೆಂದು ಯಾರು ಕಲಿಸಿದ್ದಾರೆ? ಜನ ತೊಂದರೆ ಕೊಡದ ಕೆರೆಯಲ್ಲಿ ವನ್ಯ ಹೆಬ್ಬಾತುಗಳೂ ಊರವರ ನಡುವೆಯೇ ಹೊಲದಲ್ಲಿ ಮೇಯುತ್ತವೆ. ಇತ್ತ ಪಂಜರದಿಂದ ಹೊರಬಿದ್ದದ್ದು ವನ್ಯ ಹಿಂಡು ಸೇರಿದ ಕೆಲವೇ ದಿನಗಳಲ್ಲಿ ಹಿಂಡಿನ ಜೊತೆ ತಾನೂ ಎದ್ದು ಹಾರುತ್ತದೆ. ಕಾಳಿನ ಬಕೆಟ್ಟಿನ ಸದ್ದಿಗೆ ಓಡಿ ಬಂದು ಕೈಯಿಂದ ತಿಂದರೆ ಮಾತ್ರ ಈ ಶೀರ್ಷಿಕೆಯಡಿ ಏನಾದರೂ ಬರೆಯಿರಿ.

ಜಾಗ, ಕಾಲ, ಜೊತೆಗಾರರು

ಹಕ್ಕಿಯ ಮೈಮೇಲೆ ಏನೂ ಸಿಗದಿದ್ದಾಗ (ಬಹುಪಾಲು ಹಾಗೇ ಆಗುತ್ತದೆ) ತನಿಖೆ ಹಕ್ಕಿಯ ಸುತ್ತಮುತ್ತಲಿಗೆ ಹೊರಳುತ್ತದೆ.

ನ್ಯೂಯಾರ್ಕಿನ ಮ್ಯಾಂಡರಿನ್ ಎದುರಿಗೆ ಅಸ್ಸಾಂನ ಮ್ಯಾಂಡರಿನ್ನನ್ನು ಇಟ್ಟು ನೋಡಿ. 2021ರ ಫೆಬ್ರುವರಿಯಲ್ಲಿ ತಿನ್‌ಸುಕಿಯಾ ಜಿಲ್ಲೆಯ ಮಾಗುರಿ-ಮೊಟಾಪುಂಗ್ ಬೀಲ್‌ನಲ್ಲಿ (ಜೌಗು ಕೆರೆಯಲ್ಲಿ) ಗಂಡೊಂದು ಕಂಡಿತು. ಅದೇ ಜಿಲ್ಲೆಯಲ್ಲಿ ಈ ಜಾತಿಯ ದಾಖಲೆ 1902ರಷ್ಟು ಹಿಂದಿನದು. ಜಾತಿ ಅದೇ, ಬಣ್ಣದ ಅಬ್ಬರ ಅದೇ, ಆದರೆ ಉಳಿದದ್ದೆಲ್ಲ ತಿರುಗುಮುರುಗು. ಕಾಲ ನಡು ಚಳಿಗಾಲ, ಉತ್ತರದ ಬಾತುಗಳು ಬಂದು ತಂಗಿರುವ ಹೊತ್ತು. ಜಾಗ ವಲಸೆ ಬಾತುಗಳು ತುಂಬಿರುವ ಜೌಗು. ಮ್ಯಾಂಡರಿನ್ ಸಂತಾನ ಬೆಳೆಸುವ ನಾಡುಗಳು ರಷ್ಯಾದ ಪೂರ್ವ ಅಂಚು, ಈಶಾನ್ಯ ಚೀನಾ, ಕೊರಿಯಾ, ಜಪಾನ್. ಚಳಿಗೆ ದಕ್ಷಿಣಕ್ಕೆ ಇಳಿಯುವ ಹಕ್ಕಿ ಪಶ್ಚಿಮಕ್ಕೆ ಸ್ವಲ್ಪ ಹೆಚ್ಚು ಸರಿದರೆ ಈಶಾನ್ಯ ಭಾರತ ಸಿಗುತ್ತದೆ. ಮೊದಲೂ ಬಂದ ದಾಖಲೆ ಇದೆ. ನನ್ನ ಮಟ್ಟಿಗೆ ಇಲ್ಲಿ ವನ್ಯ ಎಂಬ ವಿವರಣೆಯೇ ಸರಳ. ಇದೇ ಹಕ್ಕಿ ಬೆಂಗಳೂರಿನ ಉದ್ಯಾನದ ಕೊಳದಲ್ಲಿ ಮೇ ತಿಂಗಳಲ್ಲಿ ಕಂಡಿದ್ದರೆ ನಾನು ಎದ್ದು ನೋಡಲೂ ಹೋಗುತ್ತಿರಲಿಲ್ಲ. ಸುಳ್ಳು, ನೋಡಲು ಹೋಗುತ್ತಿದ್ದೆ, ಪಟ್ಟಿಗೆ ಸೇರಿಸುತ್ತಿರಲಿಲ್ಲ.

ಬ್ರಿಟನ್ನಿನಲ್ಲಿ ಕಂಡ ಟೋಪಿ ಮರ್ಗಾನ್ಸರ್ (ಹೂಡೆಡ್ ಮರ್ಗಾನ್ಸರ್) ಬಾತಿನ ಎರಡು ಪ್ರಕರಣಗಳೂ ಇದನ್ನೇ ತೋರಿಸುತ್ತವೆ. ಉತ್ತರ ಅಮೆರಿಕದ ಈ ಬಾತು ಯುರೋಪಿನ ಸಂಗ್ರಹಗಳಲ್ಲಿ ಸಾಮಾನ್ಯ. 2000ದ ಅಕ್ಟೋಬರ್‌ನಲ್ಲಿ ಸ್ಕಾಟ್ಲೆಂಡಿನ ಪಶ್ಚಿಮದ ಹೆಬ್ರಿಡೀಸ್ ದ್ವೀಪಗಳಲ್ಲಿ ಕಂಡದ್ದು ವನ್ಯವೆಂದು ಒಪ್ಪಿತವಾಯಿತು: ಅಟ್ಲಾಂಟಿಕ್ ಅಂಚು, ವಲಸೆಯ ತಿಂಗಳು. 2008ರ ಜೂನ್‌ನಲ್ಲಿ ಇಂಗ್ಲೆಂಡಿನ ವೇಮೌತ್ ಪಟ್ಟಣದ ರ್‍ಯಾಡಿಪೋಲ್ ಸರೋವರಕ್ಕೆ ಬಂದದ್ದು ಎಳೆಯ ಗಂಡು. ಅದು ಜೋರು ಗಾಳಿಯ ಬೆನ್ನಿಗೇ ಕಂಡಿತ್ತು. ಆಸೆ ಪಟ್ಟವರು ಬಹಳ. ಆದರೆ ತಿಂಗಳು ಹೊಂದಲಿಲ್ಲ, ಹಕ್ಕಿ ವರ್ಷಗಟ್ಟಲೆ ಅಲ್ಲೇ ಉಳಿಯಿತು, ವನ್ಯದ ಮುದ್ರೆ ಸಿಗಲಿಲ್ಲ.

‘ಉಳಿದುಬಿಟ್ಟರೆ ಸಾಕಿದ್ದು’ ಎಂದು ಇದನ್ನು ಸೂತ್ರ ಮಾಡಿಕೊಳ್ಳಬೇಡಿ. ಜೊತೆಗಾರರನ್ನು ಕಳೆದುಕೊಂಡ ವನ್ಯ ಹಕ್ಕಿಯೂ ಅನ್ನ ಸಿಗುವ ಊರ ಕೊಳದಲ್ಲಿ ನೆಲೆಯೂರುವುದುಂಟು. ಹೊರಡುವ ಕಾಲಕ್ಕೆ ಸರಿಯಾದ ದಿಕ್ಕಿಗೆ ಹೊರಟರೆ ಮಾತ್ರ ಅದು ಬಲವಾದ ಸಾಕ್ಷ್ಯ. 1977ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಸ್ಲಿಂಬ್ರಿಡ್ಜ್ ಜಲಪಕ್ಷಿ ಕೇಂದ್ರದಲ್ಲಿ ಉಂಗುರ ತೊಡಿಸಿದ, ಅಮೆರಿಕದ ‘ಉಂಗುರ-ಕೊರಳ’ ಎಂಬ ಜಾತಿಯ ಬಾತೊಂದು ಅದೇ ಮೇ ತಿಂಗಳಲ್ಲಿ ಗ್ರೀನ್‌ಲೆಂಡಿನಲ್ಲಿ ಗುಂಡಿಗೆ ಬಲಿಯಾಯಿತು. ಪಾಪದ ಹಕ್ಕಿ ಮನೆಯ ದಿಕ್ಕಿಗೇ ಹೊರಟಿತ್ತು.

ಒಂಟಿ ಹಕ್ಕಿಗಿಂತ ವಿನ್ಯಾಸ ಹೆಚ್ಚು ಮಾತಾಡುತ್ತದೆ. ನಮ್ಮ ಕೆರೆಗಳಿಗೆ ಪ್ರತಿ ಚಳಿಗಾಲ ಬರುವ ಬ್ರಾಹ್ಮಿಣಿ ಬಾತು ಪಶ್ಚಿಮ ಯುರೋಪಿನಲ್ಲಿ ತಲೆನೋವಿನ ಹಕ್ಕಿ. 1892ರಲ್ಲಿ ಅವು ಒಮ್ಮೆಗೇ ಅನೇಕ ಕಡೆ ಕಾಣಿಸಿದವು. ಅಷ್ಟೊಂದು ಪಂಜರಗಳು ಒಂದೇ ಬೇಸಿಗೆಯಲ್ಲಿ ತೆರೆದುಕೊಳ್ಳುವುದಿಲ್ಲವಾದ್ದರಿಂದ ಅವು ವನ್ಯವೆಂಬುದರಲ್ಲಿ ತಕರಾರಿಲ್ಲ. ಮುಂದೆ ಸಾಕಣೆಯಿಂದ ಹೊರಬಿದ್ದವು ಅಲ್ಲೇ ಮರಿ ಮಾಡತೊಡಗಿ, ಈಗ ಒಂದೆರಡು ಹಕ್ಕಿ ಕಂಡರೆ ಯಾವ ಮೂಲದ್ದೆಂದು ಹೇಳುವುದು ಕಷ್ಟವಾಗಿದೆ. ಆದ್ದರಿಂದ ನಿಮ್ಮ ಹಕ್ಕಿ ಕಂಡ ವಾರ ನೆರೆಯ ರಾಜ್ಯಗಳಲ್ಲಿ, ದೇಶಗಳಲ್ಲಿ ಅದೇ ಜಾತಿ ಕಂಡಿದೆಯೇ ಎಂದು ಪಕ್ಷಿವೀಕ್ಷಕರು ತಮ್ಮ ದಾಖಲೆ ಸೇರಿಸುವ ಇ-ಬರ್ಡ್ ಜಾಲತಾಣದ ನಕಾಶೆಯಲ್ಲಿ ಹುಡುಕಿ.

ಸಾಕುವವರ ಕಡೆಯ ಲೆಕ್ಕ

ಈ ಹೆಜ್ಜೆಯನ್ನು ಜನ ಬಿಟ್ಟುಬಿಡುತ್ತಾರೆ. ಜಾತಿ ಮಾರುಕಟ್ಟೆಯಲ್ಲಿ ಎಷ್ಟು ಸಿಗುತ್ತದೆ? ಮ್ಯಾಂಡರಿನ್, ಕ್ಯಾರೊಲಿನಾ ಬಾತು, ಕರಿ ಹಂಸ ಧಾರಾಳ. ಆಸ್ಟ್ರೇಲಿಯದ ಕರಿ ಹಂಸ ಕರ್ನಾಟಕದಲ್ಲಿ ಕಂಡರೆ ಬೇರೆ ಹೆಜ್ಜೆಗಳೇ ಬೇಡ. ಸಮುದ್ರದಲ್ಲಿ ಮುಳುಗಿ ಚಿಪ್ಪುಜೀವಿಗಳನ್ನು ತಿನ್ನುವ ಬಾತುಗಳನ್ನು ಸಾಕುವುದು ಕಷ್ಟ. ಅಂಥದ್ದು ಕಂಡರೆ ವನ್ಯದ ಪಾಲು ತಾನಾಗಿ ಏರುತ್ತದೆ. ಒಂದೇ ಜಾತಿಗೂ ಉತ್ತರ ಊರಿನಿಂದ ಊರಿಗೆ ಬದಲಾಗುತ್ತದೆ. ಮಾಗಡಿಯಲ್ಲಿ ಪಟ್ಟೆತಲೆ ಹೆಬ್ಬಾತು ವನ್ಯ ಎಂಬುದರಲ್ಲಿ ಎರಡು ಮಾತಿಲ್ಲ, ಆ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಗಳ ರಾಮ್ಸಾರ್ ಪಟ್ಟಿ ಸೇರಿದೆ. ಅದೇ ಹೆಬ್ಬಾತು ಇಂಗ್ಲೆಂಡಿನ ಹೊಲದಲ್ಲಿ ಕಂಡರೆ ತಪ್ಪಿಸಿಕೊಂಡದ್ದೆಂದೇ ಬರೆಯುತ್ತಾರೆ. ಬಿಳಿ ಮೂಕ ಹಂಸ ವಾಯವ್ಯ ಭಾರತದ ಚಳಿಗಾಲದಲ್ಲಿ ಮಧ್ಯ ಏಷ್ಯಾದಿಂದ ಬಂದಿರಬಹುದು. ದಕ್ಷಿಣದ ರೆಸಾರ್ಟ್ ಪಕ್ಕದಲ್ಲಿ ಅಲ್ಲ.

ಸರ್ಕಾರದ ಕಡತದಲ್ಲಿ ಉತ್ತರ ಸಿಗುತ್ತದೆಂದು ನಂಬಬೇಡಿ. ವಿದೇಶಿ ಜೀವಿಗಳನ್ನು ಸ್ವಯಂಪ್ರೇರಿತವಾಗಿ ಘೋಷಿಸಿಕೊಳ್ಳಲು ಕೇಂದ್ರ ಪರಿಸರ ಸಚಿವಾಲಯ 2020ರ ಜೂನ್‌ನಲ್ಲಿ ಅವಕಾಶ ಕೊಟ್ಟಿತು, 2024ರಲ್ಲಿ ನೋಂದಣಿ ನಿಯಮಗಳೂ ಬಂದವು. ಎರಡೂ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದವಾದ ಸೈಟಿಸ್‌ನ ಅನುಬಂಧಗಳಲ್ಲಿರುವ ಜಾತಿಗಳಿಗೆ ಸಂಬಂಧಿಸಿದವು. ಮ್ಯಾಂಡರಿನ್ ಅದರಲ್ಲಿ ಇಲ್ಲ. ಸುತ್ತಲಿನ ತೋಟದ ಮನೆ, ರೆಸಾರ್ಟ್, ಹಕ್ಕಿ ಅಂಗಡಿಗಳಲ್ಲಿ ಕೇಳುವುದೇ ದಾರಿ. ‘ನಿಮ್ಮ ಹಕ್ಕಿ ತಪ್ಪಿಸಿಕೊಂಡಿದೆಯೇ’ ಎಂದರೆ ಎಲ್ಲರೂ ಇಲ್ಲ ಎನ್ನುತ್ತಾರೆ. ‘ಇಂಥ ಹಕ್ಕಿ ಎಲ್ಲಿ ಸಿಗುತ್ತದೆ’ ಎಂದು ಕೇಳಿ.

ಗರಿಯೊಳಗಿನ ಗುರುತು

ಇಷ್ಟಾದರೂ ತೀರ್ಮಾನವಾಗದಿದ್ದರೆ ಪ್ರಯೋಗಾಲಯವಿದೆ. ಮಳೆನೀರಿನಲ್ಲಿರುವ ಭಾರ ಜಲಜನಕದ (ಡ್ಯೂಟೀರಿಯಂ) ಪ್ರಮಾಣ ಅಕ್ಷಾಂಶಕ್ಕೆ, ಕಡಲಿನಿಂದ ಇರುವ ದೂರಕ್ಕೆ ತಕ್ಕಂತೆ ಬದಲಾಗುತ್ತದೆ. ಆ ನೀರು ಸಸ್ಯಕ್ಕೆ, ಹುಳುವಿಗೆ, ಅಲ್ಲಿಂದ ಹಕ್ಕಿಯ ಬೆಳೆಯುವ ಗರಿಗೆ ಸೇರುತ್ತದೆ. ಗರಿ ಬೆಳೆದು ಮುಗಿದ ಮೇಲೆ ಅದರಲ್ಲಿ ಜೀವಕ್ರಿಯೆ ಇಲ್ಲ. ಬೆಳೆದ ಜಾಗದ ಗುರುತು ಹಾಗೇ ಉಳಿದುಬಿಡುತ್ತದೆ.

2005ರ ನವೆಂಬರ್‌ನಲ್ಲಿ ಡೆನ್ಮಾರ್ಕಿನಲ್ಲಿ ಬೇಟೆಗೆ ಸಿಕ್ಕ ಎಳೆಯ ಬೈಕಲ್ ಬಾತಿನ ಮೇಲೆ ಈ ಪರೀಕ್ಷೆ ನಡೆಯಿತು. ಪೂರ್ವ ಸೈಬೀರಿಯದ ಈ ಸುಂದರ ಹಕ್ಕಿ ಯುರೋಪಿನ ಸಾಕಣೆದಾರರಿಗೂ ಪ್ರಿಯ, ಹೀಗಾಗಿ ಅಲ್ಲಿ ಕಂಡದ್ದೆಲ್ಲ ಅನುಮಾನಕ್ಕೆ ಗುರಿಯಾಗುತ್ತಿತ್ತು. ಸಂಶೋಧಕರು ಒಂದು ಗರಿಗೆ ತೃಪ್ತರಾಗದೆ, ಮರಿಯಾಗಿದ್ದಾಗ ಬೆಳೆದ ಗರಿಗಳನ್ನೂ ಇತ್ತೀಚೆಗೆ ಬೆಳೆದ ಗರಿಗಳನ್ನೂ ಬೇರೆ ಬೇರೆಯಾಗಿ ಅಳೆದರು. ಹಳೆಯವು ಸೈಬೀರಿಯಕ್ಕೆ ಹೊಂದಿದವು, ಹೊಸವು ಪಶ್ಚಿಮ ಯುರೋಪಿಗೆ. ಹುಟ್ಟಿನಿಂದ ಒಂದೇ ಕೊಳದಲ್ಲಿ ಬೆಳೆದ ಹಕ್ಕಿಯ ಗರಿಗಳು ಹೀಗೆ ಎರಡು ನಾಡುಗಳನ್ನು ಹೇಳುವುದಿಲ್ಲ. ನಾನು ಮೊದಲಲ್ಲೇ ಕೇಳಿದ ಪ್ರಶ್ನೆಗೆ ಇಷ್ಟು ಚೊಕ್ಕವಾದ ಉತ್ತರ ಬೇರೆ ಕಡೆ ನೋಡಿಲ್ಲ. ಮುಂದೆ ಬ್ರಿಟನ್ ಕೂಡ ಬೈಕಲ್ ಬಾತನ್ನು ವನ್ಯ ಹಕ್ಕಿಗಳ ಪಟ್ಟಿಗೆ ಸೇರಿಸಿತು.

ಮಿತಿಯೂ ಇದೆ. ಹಕ್ಕಿ ನಿಮ್ಮ ಕೆರೆಯಲ್ಲೇ ಗರಿ ಉದುರಿಸಿ ಹೊಸದನ್ನು ಬೆಳೆಸಿದ್ದರೆ ಹಳೆಯ ಗುರುತು ಹೋಯಿತು. ಕೆಳಗೆ ಬಿದ್ದ ಗರಿಯನ್ನು ಮನೆಗೆ ಒಯ್ಯಬೇಡಿ: ಕಾನೂನಿನ ತೊಡಕು ಒಂದು, ಹಕ್ಕಿಜ್ವರ ಇನ್ನೊಂದು. ಅರಣ್ಯ ಇಲಾಖೆಗೆ ತಿಳಿಸಿ. ಹಕ್ಕಿಯನ್ನು ಹಿಡಿಯಲು ಹೋಗಲೇಬೇಡಿ.

ದಾಖಲೆಯಲ್ಲಿ ಏನು ಬರೆಯುವುದು

ಬ್ರಿಟಿಷ್ ಪಕ್ಷಿತಜ್ಞರ ಒಕ್ಕೂಟ ಇದಕ್ಕೆ ಖಾನೆಗಳನ್ನು ಮಾಡಿಕೊಂಡಿದೆ. ‘ಎ’ 1950ರಿಂದ ಈಚೆಗೆ ವನ್ಯವಾಗಿ ಕಂಡವು, ‘ಬಿ’ 1800ರಿಂದ 1949ರ ನಡುವೆ ಮಾತ್ರ ಕಂಡವು, ‘ಸಿ’ ಮನುಷ್ಯರು ತಂದು ಈಗ ತಾವಾಗಿ ವಂಶ ನಡೆಸುತ್ತಿರುವವು, ‘ಡಿ’ ಅನುಮಾನದವು, ‘ಇ’ ತಪ್ಪಿಸಿಕೊಂಡವು. ಮ್ಯಾಂಡರಿನ್ 1971ರಲ್ಲಿ ‘ಸಿ’ ಆಗಿ ಅವರ ಪಟ್ಟಿಗೆ ಬಂತು. ಇ-ಬರ್ಡ್ ಕೂಡ 2022ರಿಂದ ಪರಕೀಯ ಹಕ್ಕಿಗಳನ್ನು ನೆಲೆಯೂರಿದವು, ನೆಲೆ ಇನ್ನೂ ಖಚಿತವಾಗದವು, ತಪ್ಪಿಸಿಕೊಂಡವು ಎಂದು ಬೇರೆ ಮಾಡಿ ತೋರಿಸುತ್ತದೆ. ನನಗೆ ‘ಡಿ’ಯ ಮೇಲೆ ಗೌರವ. ಗೊತ್ತಾಗಲಿಲ್ಲ ಎಂದು ಬರೆದ ದಾಖಲೆಯನ್ನು ಮುಂದೊಂದು ದಿನ ಮತ್ತೆ ತೆರೆಯಬಹುದು. ಚಿತ್ರವಿಲ್ಲದೆ ‘ವನ್ಯ’ ಎಂದು ಬರೆದದ್ದನ್ನು ತಿದ್ದುವುದಕ್ಕೂ ಆಗುವುದಿಲ್ಲ.

ಸಾಕಿದ್ದು ಎಂದು ತೀರ್ಮಾನವಾದರೂ ದಾಖಲಿಸಿ. ಅಮೆರಿಕದ ರಡ್ಡಿ ಬಾತುಗಳು 1950ರ ದಶಕದಲ್ಲಿ ಸ್ಲಿಂಬ್ರಿಡ್ಜ್ ಸಂಗ್ರಹದಿಂದ ತಪ್ಪಿಸಿಕೊಂಡು ಬ್ರಿಟನ್ ತುಂಬಾ ಹರಡಿದವು. ಅಲ್ಲಿಂದ ಸ್ಪೇನ್ ತಲುಪಿ, 1977ರಲ್ಲಿ ಬರೀ 22ಕ್ಕೆ ಇಳಿದು ಚೇತರಿಸಿಕೊಳ್ಳುತ್ತಿದ್ದ ಬಿಳಿತಲೆ ಬಾತುಗಳೊಡನೆ ಬೆರೆತು ಮಿಶ್ರತಳಿ ಹುಟ್ಟಿಸತೊಡಗಿದವು. 2005ರಲ್ಲಿ ಬ್ರಿಟನ್ ಅವುಗಳನ್ನು ಗುಂಡಿಕ್ಕಿ ನಿರ್ಮೂಲ ಮಾಡುವ ಕಾರ್ಯಕ್ರಮಕ್ಕೇ ಇಳಿಯಬೇಕಾಯಿತು. ನಿಮ್ಮ ಕೆರೆಯ ಒಂಟಿ ಹಕ್ಕಿಗೆ ಜೋಡಿ ಸಿಕ್ಕರೆ, ಅಥವಾ ಸ್ಥಳೀಯ ವರಟೆಯ ಜೊತೆ ಅದು ಜೋಡಿಯಾದಂತೆ ಕಂಡರೆ, ಹೊಸ ಚಿತ್ರದೊಂದಿಗೆ ಅರಣ್ಯ ಇಲಾಖೆಗೆ ಮತ್ತೊಮ್ಮೆ ಬರೆಯಿರಿ.